ರಬ್ಬರಿಗೆ ಗಂಧಕದ ಗಂಟು

ಹೆದ್ದಾರಿಯಲ್ಲಿ ಪ್ರಯಾಣ ಮಾಡುವಾಗ ಊರಿಗೊಂದರಂತೆ ಈ ಬೋರ್ಡು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಹಳೆಯ ಲಾರಿ ಟೈರೊಂದಕ್ಕೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಕೆಂಪು ಅಕ್ಷರದಲ್ಲಿ 'ಟೈರ್ ವಲ್ಕನೈಸಿಂಗ್' ಎಂದು ಬರೆದು ಮರಕ್ಕೆ ಒರಗಿಸಿಟ್ಟಿರುತ್ತಾರೆ. ಪಂಕ್ಚರ್ ಹಾಕುವ ಅಂಗಡಿ ಎಂಬಲ್ಲಿಗೆ ನಮ್ಮ ಕುತೂಹಲ ಮುಗಿಯುತ್ತದೆ. ಆದರೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ದಿನ ಎದ್ದು ನಿಂತು, "ಸಾರ್, ವಲ್ಕನೈಸಿಂಗ್ ಅಂದ್ರೆ ಎಂತ?" ಎಂದು ಕೇಳಿಯೇಬಿಟ್ಟ.

ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ರಬ್ಬರನ್ನು ಗಂಧಕದೊಂದಿಗೆ ಬೆರೆಸಿ ಕಾಯಿಸಿ ಗಟ್ಟಿಗೊಳಿಸುವುದೇ ವಲ್ಕನೀಕರಣ. ಎರಡು ಅಂಕದ ಪ್ರಶ್ನೆಗೆ ಧಾರಾಳವಾಗಿ ಸಾಕಾಗುವ ಉತ್ತರ. ಹುಡುಗ ಕುಳಿತುಕೊಳ್ಳಲಿಲ್ಲ. "ಜಾಸ್ತಿ ಗಂಧಕ ಹಾಕಿದ್ರೆ ಜಾಸ್ತಿ ಗಟ್ಟಿ ಆಗ್ತದಾ ಸಾರ್? ಹಾಗಾದ್ರೆ ಟೈರಿಗೆ ತುಂಬ ಹಾಕ್ಬಹುದಲ್ಲ?" ಎಂದ. ಈ ಎರಡನೆಯ ಪ್ರಶ್ನೆ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ರಾಸಾಯನಿಕ ಬಂಧಗಳ ಬಗೆಗಳನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಎಷ್ಟು ಬಂಧಗಳು ಏರ್ಪಟ್ಟರೆ ವಸ್ತು ಏನಾಗುತ್ತದೆ ಎಂಬುದನ್ನು ಮಾತ್ರ ಹೇಳುವುದೇ ಇಲ್ಲ. ಅದರಲ್ಲೇ ವಿಷಯದ ಸ್ವಾರಸ್ಯವೆಲ್ಲ ಅಡಗಿದೆ.

ಅಂದು ಸಂಜೆ ಬಸ್ಸಿಗೆ ಕಾಯುವ ನೆಪದಲ್ಲಿ ಅಂಗಡಿಯೊಂದರ ಬೆಂಚಿನ ಮೇಲೆ ಕುಳಿತೆ. ಅಂಗಡಿಯವರು ಟ್ಯೂಬಿನ ತೂತಾದ ಜಾಗವನ್ನು ಚೆನ್ನಾಗಿ ಉಜ್ಜಿ ತರಿತರಿ ಮಾಡಿದರು. ಅದಕ್ಕೆ ಸೊಲ್ಯೂಷನ್ ಸವರಿ, ಕತ್ತರಿಯಿಂದ ಒಂದು ತುಂಡು ಹಸಿ ರಬ್ಬರ್ ಕತ್ತರಿಸಿ ಮೇಲಿಟ್ಟು, ಕರೆಂಟಿನಿಂದ ಕಾಯುವ ಕಬ್ಬಿಣದ ಒತ್ತುಗದಲ್ಲಿ ಬಿಗಿದು ತಿರುಪು ತಿರುಗಿಸಿದರು. ಎಷ್ಟು ಹೊತ್ತು ಇಡುತ್ತೀರಿ ಎಂದು ಕೇಳಿದೆ. "ಅದು ಕೈಯ ಅಂದಾಜು ಮಾಷ್ಟ್ರೇ. ಕಮ್ಮಿ ಬೆಂದ್ರೆ ಬಿಸಿಲಿಗೆ ಕಿತ್ತು ಬರ್ತದೆ. ಜಾಸ್ತಿ ಬೆಂದ್ರೆ ಪ್ಯಾಚಿನ ಅಂಚಿನಲ್ಲೇ ಹರೀತದೆ" ಎಂದರು. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಉಳಿದರ್ಧಕ್ಕೆ ಮರದ ಬುಡಕ್ಕೇ ಹೋಗಬೇಕು.

ಮರದ ಹಾಲು

ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆಯವರಿಗೆ ರಬ್ಬರ್ ತೋಟ ಹೊಸದಲ್ಲ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಬದುಕು ಕಟ್ಟಿಕೊಂಡದ್ದು ಇಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲೇ. ಬೆಳಕು ಹರಿಯುವ ಮುನ್ನವೇ ಮರದ ತೊಗಟೆಗೆ ಓರೆಯಾಗಿ ಗೀರು ಹಾಕುತ್ತಾರೆ. ಗೀರಿನಗುಂಟ ಇಳಿದ ಹಾಲು ಗೆರಟೆಗೋ ಪ್ಲಾಸ್ಟಿಕ್ ಬಟ್ಟಲಿಗೋ ತೊಟ್ಟಿಕ್ಕುತ್ತದೆ. ಈ ಹಾಲಿನಲ್ಲಿ ಮೂರನೇ ಒಂದು ಪಾಲಿನಷ್ಟು ರಬ್ಬರು. ಉಳಿದದ್ದು ಬಹುತೇಕ ನೀರು. ಸ್ವಲ್ಪ ಫಾರ್ಮಿಕ್ ಆಮ್ಲ ಹಾಕಿದರೆ ಒಡೆದು ಹೆಪ್ಪುಗಟ್ಟುತ್ತದೆ. ಹೆಪ್ಪನ್ನು ರೋಲರಿನಲ್ಲಿ ಒತ್ತಿ, ತೊಳೆದು, ಹೊಗೆಮನೆಯಲ್ಲಿ ಒಣಗಿಸಿದರೆ ಕಂದುಬಣ್ಣದ ಶೀಟು ಸಿದ್ಧ.

ಈ ಶೀಟನ್ನು ಕೈಯಲ್ಲಿ ಹಿಡಿದು ಎಳೆದು ನೋಡಿ. ಎಳೆದಂತೆ ಬರುತ್ತದೆ, ಬಿಟ್ಟರೆ ಹಿಂದಕ್ಕೂ ಹೋಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಎಳೆದು ಕಟ್ಟಿ ನಾಲ್ಕು ದಿನ ಬಿಟ್ಟರೆ ಹಾಗೆಯೇ ಉದ್ದವಾಗಿ ಉಳಿದುಬಿಡುತ್ತದೆ. ಒಟ್ಟಿನಲ್ಲಿ ಇದು ತನ್ನ ಮೂಲ ಆಕಾರವನ್ನು ಮರೆಯುವ ರಬ್ಬರು. ಇದರಿಂದ ಟೈರು ಮಾಡಿದರೆ ಮೊದಲ ಬೇಸಿಗೆಯಲ್ಲೇ ರಸ್ತೆಗೆ ಅಂಟಿಕೊಂಡೀತು.

ಪ್ಯಾರಾ ಹೆಸರಿನ ಈ ಮರ ನಮ್ಮದಲ್ಲ, ಅಮೆಜಾನ್ ಕಾಡಿನದು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲ್‌ನಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಮೊಳೆತದ್ದು 3,000ಕ್ಕೂ ಕಡಿಮೆ. ಅವುಗಳಲ್ಲಿ ಬಹುಪಾಲು ಸಸಿಗಳು ಸಿಲೋನಿಗೆ ಬಂದವು. ಏಷ್ಯಾದ ರಬ್ಬರ್ ತೋಟಗಳ ಕಥೆ ಅಲ್ಲಿಂದ ಶುರು. ಇಂಗ್ಲಿಷಿನವರು ಇದನ್ನು 'ಇಂಡಿಯಾ ರಬ್ಬರ್' ಎಂದು ಕರೆದದ್ದಕ್ಕೂ ನಮ್ಮ ದೇಶಕ್ಕೂ ಸಂಬಂಧವಿಲ್ಲ. ಅವರ ಲೆಕ್ಕದಲ್ಲಿ ಅಮೆರಿಕವೂ ಒಂದು ಇಂಡೀಸ್!

ಬೇಸಿಗೆಗೆ ಅಂಟು, ಚಳಿಗೆ ಕಲ್ಲು

ಹಸಿ ರಬ್ಬರಿನ ಈ ಮರೆವು 1830ರ ದಶಕದ ಅಮೆರಿಕದಲ್ಲಿ ಬಹಳ ಜನರನ್ನು ದಿವಾಳಿ ಎಬ್ಬಿಸಿತು. ನೀರು ಒಳಬಿಡದ ಬೂಟು, ಕೋಟುಗಳೆಂದು ಕಾರ್ಖಾನೆಗಳು ತಲೆಯೆತ್ತಿದವು. ಬೇಸಿಗೆ ಬಂದಾಗ ಮಾಲೆಲ್ಲ ಕರಗಿ ಅಂಟಂಟಾಗಿ ನಾರತೊಡಗಿತು. ಚಳಿಗಾಲದಲ್ಲಿ ಅದೇ ಕೋಟು ಹಲಗೆಯಂತೆ ಸೆಟೆದುಕೊಂಡಿತು.

ಈ ರೋಗಕ್ಕೆ ಮದ್ದು ಹುಡುಕುತ್ತೇನೆಂದು ಹಟ ಹಿಡಿದವನು ಚಾರ್ಲ್ಸ್ ಗುಡ್‌ಇಯರ್. ರಸಾಯನವಿಜ್ಞಾನ ಓದಿದವನಲ್ಲ. ಸಾಲ ತೀರಿಸಲಾಗದೆ ಹಲವು ಸಲ ಸೆರೆಮನೆ ಕಂಡವನು. ಕಂಡ ಕಂಡ ಪುಡಿಗಳನ್ನೆಲ್ಲ ರಬ್ಬರಿಗೆ ಬೆರೆಸಿ ನೋಡುವುದೇ ಅವನ ವಿಧಾನ. ಒಮ್ಮೆ ಆಮ್ಲದ ಉಪಚಾರದಿಂದ ಗೆದ್ದೆನೆಂದುಕೊಂಡು ಸರ್ಕಾರಕ್ಕೆ 150 ಅಂಚೆಚೀಲಗಳನ್ನು ಮಾಡಿಕೊಡುವ ಗುತ್ತಿಗೆ ಹಿಡಿದ. ಗೋದಾಮಿನಲ್ಲಿ ತೂಗುಹಾಕಿದ್ದ ಚೀಲಗಳು ಸೆಕೆಗೆ ಸೋರಿಹೋದವು. ಗಂಧಕದ ಪುಡಿ ಹಾಕಿದರೆ ರಬ್ಬರಿನ ಮೇಲ್ಮೈಯ ಅಂಟು ಕಡಿಮೆಯಾಗುತ್ತದೆ ಎಂಬ ಉಪಾಯ ನಥಾನಿಯಲ್ ಹೇವರ್ಡ್ ಎಂಬವನದು. ಗುಡ್‌ಇಯರ್ ಅದನ್ನು ಅವನಿಂದ ಕೊಂಡುಕೊಂಡ.

1839ರಲ್ಲಿ ಮ್ಯಾಸಚೂಸೆಟ್ಸ್‌ನ ವೂಬರ್ನ್ ಎಂಬಲ್ಲಿ, ಗಂಧಕ ಬೆರೆಸಿದ ತುಂಡೊಂದು ಕಾದ ಒಲೆಗೆ ತಾಗಿತು. ಕರಗಿ ಹರಿಯಬೇಕಾಗಿದ್ದ ರಬ್ಬರು ಕರಗಲಿಲ್ಲ. ಚರ್ಮದಂತೆ ಸುಟ್ಟು ಕರಿಕಾಯಿತು. ಬೇರೆ ಯಾರಾದರೂ ಆಗಿದ್ದರೆ ಎಸೆದುಬಿಡುತ್ತಿದ್ದರು. ಗುಡ್‌ಇಯರ್ ಸುಟ್ಟ ಭಾಗವನ್ನು ಬಿಟ್ಟು ಅದರ ಅಂಚನ್ನು ನೋಡಿದ. ಕರಿಕಾದ ಭಾಗಕ್ಕೂ ಹಸಿಯಾಗಿ ಉಳಿದ ಭಾಗಕ್ಕೂ ನಡುವೆ ಒಂದು ಗೆರೆಯಷ್ಟು ಅಗಲ ರಬ್ಬರು ಅತ್ತ ಅಂಟೂ ಅಲ್ಲದೆ ಇತ್ತ ಇದ್ದಿಲೂ ಆಗದೆ, ಬಾಗಿಸಿದರೆ ಬಾಗುವಂತೆ ಉಳಿದಿತ್ತು. ರಾತ್ರಿಯಿಡೀ ಹೊರಗಿನ ಕೊರೆಯುವ ಚಳಿಯಲ್ಲಿಟ್ಟರೂ ಬೆಳಿಗ್ಗೆ ಹಾಗೆಯೇ ಬಾಗುತ್ತಿತ್ತು. ಸುಡುವ ಕ್ರಿಯೆಯನ್ನು ಸರಿಯಾದ ಹಂತದಲ್ಲಿ ತಡೆದು ನಿಲ್ಲಿಸಿದರೆ ಇಡೀ ತುಂಡನ್ನೇ ಹೀಗೆ ಮಾಡಬಹುದಲ್ಲ ಎಂದು ಅವನಿಗೆ ಹೊಳೆಯಿತು. ಒಲೆಗೆ ತಾಗಿದ್ದು ಆಕಸ್ಮಿಕವಾಗಿರಬಹುದು. ಅಂಚನ್ನು ನೋಡಿದ್ದು ಆಕಸ್ಮಿಕವಲ್ಲ ಎಂದು ನಾನಂತೂ ನಂಬಿದ್ದೇನೆ.

ಆ ಹದವನ್ನು ಕಂಡುಕೊಳ್ಳಲು ಮತ್ತೆ ವರ್ಷಗಳೇ ಬೇಕಾದವು. ಒತ್ತಡದ ಹಬೆಯಲ್ಲಿ, ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಾಲ್ಕರಿಂದ ಆರು ಗಂಟೆ ಬೇಯಿಸಬೇಕೆಂಬ ತೀರ್ಮಾನಕ್ಕೆ ಬಂದ. ಅಮೆರಿಕದ ಪೇಟೆಂಟು ಸಿಕ್ಕಿದ್ದು 1844ರಲ್ಲಿ. ಅಷ್ಟರೊಳಗೆ ಅವನ ಮಾದರಿಯ ತುಂಡುಗಳು ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ ಕೈಗೆ ಸಿಕ್ಕಿ, ಅವುಗಳ ಮೇಲ್ಮೈಯಲ್ಲಿ ಹಳದಿ ಗಂಧಕ ಉಬ್ಬರಿಸಿದ್ದನ್ನು ಆತ ಗುರುತಿಸಿ, 1843ರ ನವೆಂಬರಿನಲ್ಲೇ ಅಲ್ಲಿ ಅರ್ಜಿ ಹಾಕಿಬಿಟ್ಟಿದ್ದ. ರೋಮನ್ನರ ಅಗ್ನಿದೇವ ವಲ್ಕನ್‌ನ ಹೆಸರು ಈ ಕ್ರಿಯೆಗೆ ಅಂಟಿದ್ದೂ ಹ್ಯಾನ್‌ಕಾಕ್‌ನ ಗೆಳೆಯ ಬ್ರಾಕ್‌ಡನ್‌ನಿಂದ. ಗುಡ್‌ಇಯರ್ 1860ರಲ್ಲಿ ಸತ್ತಾಗ ಉಳಿಸಿದ್ದು ಸುಮಾರು ಎರಡು ಲಕ್ಷ ಡಾಲರ್ ಸಾಲ. ಇಂದು ಆ ಹೆಸರಿನಲ್ಲಿರುವ ಟೈರು ಕಂಪನಿ 1898ರಲ್ಲಿ ಬೇರೆಯವರು ಸ್ಥಾಪಿಸಿ, ಗೌರವಕ್ಕೆಂದು ಅವನ ಹೆಸರಿಟ್ಟದ್ದು.

ಇದನ್ನೆಲ್ಲ ಗುಡ್‌ಇಯರ್‌ಗಿಂತ ಮೂರು ಸಾವಿರ ವರ್ಷ ಮೊದಲೇ ಮೆಕ್ಸಿಕೋದ ಜನ ಬೇರೊಂದು ದಾರಿಯಿಂದ ಸಾಧಿಸಿದ್ದರು. ಅಲ್ಲಿನ ಬೇರೊಂದು ಜಾತಿಯ ರಬ್ಬರ್ ಮರದ ಹಾಲಿಗೆ ಬೆಳ್ಳಗಿನ ಹೂ ಬಿಡುವ ಬಳ್ಳಿಯೊಂದರ ರಸ ಬೆರೆಸಿ ಪುಟಿಯುವ ಚೆಂಡು ಮಾಡುತ್ತಿದ್ದರು. ಕ್ರಿ.ಪೂ. 1600ರ ಸುಮಾರಿನ ಚೆಂಡುಗಳು ಕೆಸರಿನಲ್ಲಿ ಹೂತಿದ್ದು ಸಿಕ್ಕಿವೆ.

ಶ್ಯಾವಿಗೆಯ ರಾಶಿ

ಗಂಧಕ ಒಳಗೆ ಹೋಗಿ ಮಾಡುವುದೇನು? ಗುಡ್‌ಇಯರ್‌ಗೂ ಹ್ಯಾನ್‌ಕಾಕ್‌ಗೂ ಇದು ತಿಳಿದಿರಲಿಲ್ಲ. ರಬ್ಬರಿನಂಥ ವಸ್ತುಗಳಲ್ಲಿ ಸಾವಿರಾರು ಪರಮಾಣುಗಳು ನಿಜವಾದ ರಾಸಾಯನಿಕ ಬಂಧಗಳಿಂದ ಒಂದೇ ಉದ್ದ ಸರಪಳಿಯಾಗಿ ಜೋಡಿಸಿಕೊಂಡಿರುತ್ತವೆ ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಹೇಳಿದಾಗ ದೊಡ್ಡ ದೊಡ್ಡ ರಸಾಯನವಿಜ್ಞಾನಿಗಳೇ ನಂಬಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ರಬ್ಬರಿನ ಸರಪಳಿಯ ಒಂದೊಂದು ಕೊಂಡಿಯ ಹೆಸರು ಐಸೊಪ್ರೀನ್. ಐದು ಇಂಗಾಲ, ಎಂಟು ಜಲಜನಕ. ಮರದಿಂದ ಬಂದ ರಬ್ಬರಿನಲ್ಲಿ ಇಂಥ ಹತ್ತು ಹದಿನೈದು ಸಾವಿರ ಕೊಂಡಿಗಳು ಸೇರಿ ಒಂದು ಸರಪಳಿ. ಒತ್ತು ಶ್ಯಾವಿಗೆ ಮಾಡಿ ಬಟ್ಟಲಲ್ಲಿ ರಾಶಿ ಹಾಕಿದ್ದನ್ನು ನೆನೆಸಿಕೊಳ್ಳಿ. ಒಂದೊಂದು ಎಳೆಯೂ ಸುರುಳಿ ಸುತ್ತಿಕೊಂಡು ಇನ್ನೊಂದರೊಳಗೆ ಸಿಕ್ಕಿಕೊಂಡಿರುತ್ತದೆ. ರಾಶಿಯನ್ನು ಎಳೆದರೆ ಸುರುಳಿಗಳು ಬಿಚ್ಚಿ ನೇರವಾಗುತ್ತವೆ. ಇನ್ನೂ ಎಳೆದರೆ ಎಳೆಗಳು ಜಾರಿ ಒಂದರಿಂದೊಂದು ಬೇರೆಯಾಗುತ್ತವೆ. ಸುರುಳಿ ಬಿಚ್ಚಿದ್ದು ಮತ್ತೆ ಸುತ್ತಿಕೊಳ್ಳಬಲ್ಲದು. ಆದರೆ ಜಾರಿದ ಎಳೆ ಹಿಂದಿನ ಜಾಗಕ್ಕೆ ಬರಲಾರದು. ಹಸಿ ರಬ್ಬರಿನ ಮರೆವಿಗೆ ಇದೇ ಕಾರಣ.

ಗಂಧಕದ ಪರಮಾಣು ಎರಡು ಕೈಯವನು. ಕಾಯಿಸಿದಾಗ ಒಂದು ಕೈಯಿಂದ ಒಂದು ಸರಪಳಿಯನ್ನು, ಇನ್ನೊಂದರಿಂದ ಪಕ್ಕದ ಸರಪಳಿಯನ್ನು ಹಿಡಿದುಕೊಳ್ಳುತ್ತಾನೆ. ಕೆಲವೆಡೆ ಒಬ್ಬನೇ, ಕೆಲವೆಡೆ ನಾಲ್ಕೈದು ಮಂದಿ ಕೈಕೈ ಹಿಡಿದು ಸೇತುವೆಯಾಗುತ್ತಾರೆ. ಈ ಸೇತುವೆಯನ್ನು ಅಡ್ಡಬಂಧ ಎನ್ನೋಣ. ಶ್ಯಾವಿಗೆಯ ಎಳೆಗಳನ್ನು ಅಲ್ಲಲ್ಲಿ ದಾರದಿಂದ ಗಂಟು ಹಾಕಿದಂತಾಯಿತು. ಈಗ ಎಳೆದರೆ ಸುರುಳಿ ಬಿಚ್ಚುತ್ತದೆ, ಆದರೆ ಜಾರಲು ಗಂಟು ಬಿಡುವುದಿಲ್ಲ. ಕೈ ಬಿಟ್ಟಾಗ ಪ್ರತಿ ಎಳೆಯೂ ತನ್ನ ಜಾಗಕ್ಕೇ ಮರಳುತ್ತದೆ. ಸೆಕೆಗೆ ಕರಗಿ ಹರಿಯುವ ಮಾತೂ ಇಲ್ಲ.

ಗಂಟುಗಳು ಒಂದೊಂದಾಗಿ ಬೀಳುತ್ತ ಹೋದಾಗ ಏನಾಗುತ್ತದೆಂದು ಲೆಕ್ಕ ಹಾಕಿದವರು ಅಮೆರಿಕದ ಪಾಲ್ ಫ್ಲೋರಿ. ಮೊದಮೊದಲು ಎರಡು ಸರಪಳಿ ಸೇರಿ ಒಂದು ಜೋಡಿ, ಎರಡು ಜೋಡಿ ಸೇರಿ ಒಂದು ಗುಂಪು, ಹೀಗೆ ನಿಧಾನವಾಗಿ ನಡೆಯುತ್ತದೆ. ಹೊರಗಿನಿಂದ ನೋಡುವವರಿಗೆ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ. ಸರಪಳಿಯೊಂದಕ್ಕೆ ಸರಾಸರಿ ಒಂದು ಕೊಂಡಿ ಗಂಟಿಗೆ ಸಿಕ್ಕುವಷ್ಟಾದಾಗ, ಒಮ್ಮಿಂದೊಮ್ಮೆಗೆ, ಈ ತುದಿಯಿಂದ ಆ ತುದಿಯವರೆಗೆ ಹಬ್ಬಿದ ಒಂದು ಬಲೆ ಹುಟ್ಟಿಕೊಳ್ಳುತ್ತದೆ. ಎರಡು ಟ್ಯೂಬಿನ ಅರಾಲ್ಡೈಟ್ ಕಲಸಿದವರಿಗೆ ಇಂಥದೇ ಒಂದು ಅನುಭವ ಇರುತ್ತದೆ. ಬಹಳ ಹೊತ್ತು ಜೇನಿನ ಹಾಗೆ ಹರಿಯುತ್ತಿದ್ದದ್ದು, ಇನ್ನೇನು ಹಚ್ಚಬೇಕು ಅನ್ನುವಷ್ಟರಲ್ಲಿ ಕಡ್ಡಿಯನ್ನೇ ಹಿಡಿದುಕೊಂಡುಬಿಡುತ್ತದೆ. ಅಲ್ಲಿ ಬಂಧದ ಬಗೆ ಬೇರೆ, ಲೆಕ್ಕಾಚಾರದ ದಾರಿ ಒಂದೇ. ಆ ಕ್ಷಣದ ನಂತರ ಆ ಮುದ್ದೆಯಲ್ಲಿ ಎಷ್ಟು ಅಣುಗಳಿವೆ ಎಂದು ಕೇಳಿದರೆ, ಹೆಚ್ಚುಕಡಿಮೆ ಒಂದೇ ಅಣು ಎನ್ನಬೇಕಾಗುತ್ತದೆ. ನಿಮ್ಮ ಸ್ಕೂಟರಿನ ಟ್ಯೂಬಿನ ರಬ್ಬರೆಲ್ಲ ಒಂದೇ ಅಣು! ಅಣು ಕಣ್ಣಿಗೆ ಕಾಣುವುದಿಲ್ಲ ಎಂದು ನಾನೇ ಎಷ್ಟೋ ವರ್ಷ ಪಾಠ ಮಾಡಿದ್ದೇನೆ.

ಎರಡು ಪಾಲೋ, ಮೂವತ್ತೆರಡೋ?

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಹೆಚ್ಚು ಗಂಧಕ ಹಾಕಿದರೆ ಹೆಚ್ಚು ಗಟ್ಟಿಯಾಗುತ್ತದೆಯೇ?

ಆಗುತ್ತದೆ, ಸಂಶಯವಿಲ್ಲ. ನೂರು ಪಾಲು ರಬ್ಬರಿಗೆ ಎರಡು ಮೂರು ಪಾಲು ಗಂಧಕ ಸೇರಿದರೆ ಸುಮಾರು ನೂರು ಕೊಂಡಿಗಳಿಗೊಂದು ಗಂಟು ಬೀಳುತ್ತದೆ ಎಂದಿಟ್ಟುಕೊಳ್ಳಿ. ಇದು ಟ್ಯೂಬು, ಟೈರು, ರಬ್ಬರ್ ಬ್ಯಾಂಡುಗಳ ಲೋಕ. ಗಂಟಿನಿಂದ ಗಂಟಿಗೆ ನಡುವೆ ನೂರು ಕೊಂಡಿಗಳಷ್ಟು ಸಡಿಲ ಎಳೆ ಇರುವುದರಿಂದ ಅದು ಸುರುಳಿ ಬಿಚ್ಚಿ ತನ್ನ ಆರೇಳು ಪಟ್ಟು ಉದ್ದಕ್ಕೆ ಎಳೆಯಬಲ್ಲದು. ಗಂಧಕ ಹೆಚ್ಚಿಸುತ್ತ ಹೋದರೆ ಈ ಸಡಿಲ ಭಾಗ ಗಿಡ್ಡವಾಗುತ್ತದೆ. ಕೊನೆಗೆ ಪ್ರತಿ ಕೊಂಡಿಗೂ ಒಂದೊಂದು ಗಂಧಕ ಸಿಕ್ಕಿಬಿಟ್ಟರೆ? ಲೆಕ್ಕ ಸುಲಭ. ಐಸೊಪ್ರೀನಿನ ತೂಕ 68, ಗಂಧಕದ್ದು 32, ಒಟ್ಟು 100. ಅಂದರೆ ಗಂಧಕ ನೂರಕ್ಕೆ 32 ಪಾಲು. ಆಗ ಸಿಗುವ ವಸ್ತುವಿನ ಹೆಸರು ಎಬೊನೈಟ್. ಕರಿಮರದಂತೆ ಕಪ್ಪು, ಗಟ್ಟಿ, ತಿರುಗಣೆಯಲ್ಲಿ ಕಡೆದು ಹೊಳಪು ಕೊಡಬಹುದು. ಎಳೆದರೆ ಹಿಗ್ಗುವುದಿಲ್ಲ, ನೆಲಕ್ಕೆ ಬಿದ್ದರೆ ಮುರಿಯುತ್ತದೆ. ಹಿಂದೆ ಬಾಚಣಿಗೆ, ಬ್ಯಾಟರಿಯ ಪೆಟ್ಟಿಗೆ, ಕಟ್ಟಿಸಿದ ಹಲ್ಲಿನ ಒಸಡು ಎಲ್ಲ ಇದರದೇ. ರಾಜಮಹೇಂದ್ರಿಯ ರತ್ನಂ ಪೆನ್ನುಗಳನ್ನು ಇದರಿಂದಲೇ ಕಡೆದು ಮಾಡುತ್ತಾರೆ. ಜೇಬಿನಲ್ಲಿದ್ದ ಪೆನ್ನೂ ಕಾಲಡಿಯ ಹವಾಯಿ ಚಪ್ಪಲಿಯ ಪಟ್ಟಿಯೂ ಒಂದೇ ಮರದ ಹಾಲಿನ ಸಂತಾನವಾಗಿರಬಹುದು ಎಂದರೆ ನಂಬುವುದು ಕಷ್ಟ. ವ್ಯತ್ಯಾಸ ಗಂಟುಗಳ ಎಣಿಕೆಯಲ್ಲಿ.

ಆದರೆ 'ಗಟ್ಟಿ' ಎಂಬ ಮಾತು ಮೋಸದ್ದು. ಗಡಸುತನ ಬೇರೆ, ಹರಿಯದೆ ತಡೆದುಕೊಳ್ಳುವ ಶಕ್ತಿ ಬೇರೆ. ಗಂಟು ಹೆಚ್ಚಾದಂತೆ ಗಡಸುತನ ಏರುತ್ತಲೇ ಹೋಗುತ್ತದೆ. ಹರಿಯದಿರುವ ಶಕ್ತಿ ಮಾತ್ರ ಒಂದು ಹಂತದವರೆಗೆ ಏರಿ ಆಮೇಲೆ ಇಳಿಯತೊಡಗುತ್ತದೆ. ಮತ್ತೆ ಮತ್ತೆ ಬಾಗಿದರೂ ಬಾಳುವ ಗುಣದ್ದೂ ಇದೇ ಕಥೆ. ಕಲ್ಲಿನ ಚೂರೊಂದು ಟೈರಿಗೆ ಗೀರಿದಾಗ, ಗೀರಿನ ತುದಿಯಲ್ಲಿರುವ ಎಳೆಗಳು ಹಿಗ್ಗಿ ಆ ಪೆಟ್ಟನ್ನು ಅಕ್ಕಪಕ್ಕದ ಎಳೆಗಳಿಗೆ ಹಂಚಬೇಕು. ಗಂಟು ಒತ್ತೊತ್ತಾಗಿದ್ದರೆ ಹಿಗ್ಗಲು ಎಳೆಯೇ ಇರುವುದಿಲ್ಲ. ಒಂದು ಎಳೆ ತುಂಡಾಗಿ ಅದರ ಭಾರ ಮುಂದಿನದಕ್ಕೆ, ಅದೂ ತುಂಡಾಗಿ ಅದರ ಮುಂದಿನದಕ್ಕೆ. ಪ್ಯಾಚಿನ ಅಂಚಿನಲ್ಲಿ ಹರಿಯುವುದು ಎಂದರೆ ಇದೇ.

ನಮ್ಮ ತರಗತಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆವು. ನೀವೂ ಮಾಡಬಹುದು. ಪೇಂಟಿನ ಅಂಗಡಿಯಲ್ಲಿ ಟರ್ಪೆಂಟೈನ್ ಸಿಗುತ್ತದೆ. ಮೂರು ಗಾಜಿನ ಬಾಟಲಿಗಳಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ಒಂದಕ್ಕೆ ಹಸಿ ರಬ್ಬರ್ ಶೀಟಿನ ಚೂರು, ಇನ್ನೊಂದಕ್ಕೆ ರಬ್ಬರ್ ಬ್ಯಾಂಡು, ಮೂರನೆಯದಕ್ಕೆ ಹಳೆಯ ಎಬೊನೈಟ್ ಪೆನ್ನಿನ ಒಡೆದ ಮುಚ್ಚಳ ಹಾಕಿ ಬಿಗಿಯಾಗಿ ಮುಚ್ಚಿಡಿ. (ಬೆಂಕಿಯಿಂದ ದೂರ, ಕಿಟಕಿ ತೆರೆದಿರಲಿ, ಮಕ್ಕಳ ಜೊತೆ ದೊಡ್ಡವರು ಇರಲಿ.) ಕೆಲವು ದಿನಗಳಲ್ಲಿ ಹಸಿ ರಬ್ಬರು ಕರಗಿ ಲೋಳೆಯಾಗುತ್ತದೆ. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಕೂಡ ಹೀಗೆ ಕರಗಿಸಿದ ರಬ್ಬರೇ. ರಬ್ಬರ್ ಬ್ಯಾಂಡು ಎಷ್ಟು ದಿನ ಬಿಟ್ಟರೂ ಕರಗುವುದಿಲ್ಲ, ನೆನೆದ ಅವಲಕ್ಕಿಯಂತೆ ಊದಿಕೊಳ್ಳುತ್ತದೆ. ದ್ರವ ಎಳೆಗಳ ನಡುವೆ ನುಗ್ಗಿ ದೂರ ತಳ್ಳಿದರೂ ಗಂಟುಗಳು ಬಿಟ್ಟುಕೊಡುವುದಿಲ್ಲ. ಎಬೊನೈಟಿನೊಳಗೆ ನುಗ್ಗಲು ಜಾಗವೇ ಇಲ್ಲ, ಇದ್ದಂತೆಯೇ ಇರುತ್ತದೆ. ಎಷ್ಟು ಊದಿತು ಎಂದು ಅಳೆದು ಎಷ್ಟು ಗಂಟುಗಳಿವೆ ಎಂದು ಹೇಳುವ ಸೂತ್ರವನ್ನು ಫ್ಲೋರಿ ಮತ್ತು ರೆನರ್ 1943ರಲ್ಲಿ ಕೊಟ್ಟರು. ಪ್ರಯೋಗಾಲಯಗಳಲ್ಲಿ ಇಂದಿಗೂ ಅದರ ಬಳಕೆಯಿದೆ.

ಅವಸರವೂ ಆಗದು, ತಡವೂ ಆಗದು

ಬರೀ ಗಂಧಕ ಹಾಕಿ ಬೇಯಿಸುವುದು ಬಹಳ ನಿಧಾನದ, ದುಂದಿನ ಕೆಲಸ. ನೂರು ಪಾಲು ರಬ್ಬರಿಗೆ ಎಂಟು ಪಾಲು ಗಂಧಕ ಹಾಕಿ 140 ಡಿಗ್ರಿಯಲ್ಲಿ ಐದು ಗಂಟೆ ಕಾಯಬೇಕು. ಒಂದು ಗಂಟಿಗೆ ನಲವತ್ತೈವತ್ತು ಗಂಧಕದ ಪರಮಾಣುಗಳು ಖರ್ಚಾಗುತ್ತವೆ. ಅನೇಕವು ಪಕ್ಕದ ಸರಪಳಿಯನ್ನು ಹಿಡಿಯುವ ಬದಲು ತಾನಿರುವ ಸರಪಳಿಯಲ್ಲೇ ಬಳೆಯಂತೆ ಸುತ್ತಿಕೊಂಡು ಕುಳಿತುಬಿಡುತ್ತವೆ. 1906ರಲ್ಲಿ ಅಮೆರಿಕದ ಜಾರ್ಜ್ ಓನ್‌ಸ್ಲೇಗರ್, ಅನಿಲಿನ್ ಎಂಬ ಸಾರಜನಕದ ಸಂಯುಕ್ತ ಬೆರೆಸಿದರೆ ಕ್ರಿಯೆ ಚುರುಕಾಗುವುದನ್ನು ಕಂಡುಕೊಂಡರು. ಮುಂದೆ ಬಂದ ವೇಗವರ್ಧಕಗಳಿಂದ ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು.

ವೇಗ ಹೆಚ್ಚಿದ್ದು ಇನ್ನೊಂದು ಪೀಕಲಾಟ ತಂದಿತು. ಟೈರಿಗೆ ಆಕಾರ ಕೊಡುವುದು ಅಚ್ಚಿನಲ್ಲಿ. ಅಚ್ಚಿಗೆ ಹೋಗುವ ಮೊದಲೇ, ಕಲಸುವ ಯಂತ್ರದ ಬಿಸಿಗೆ ಗಂಟು ಬೀಳತೊಡಗಿದರೆ ಆ ಮುದ್ದೆ ಮತ್ತೆ ಯಾವ ಆಕಾರಕ್ಕೂ ಬಗ್ಗದು. ಹಾಗಾಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಮ್ಮೆಲೇ ಕೆಲಸಕ್ಕೆ ಇಳಿಯುವ ವೇಗವರ್ಧಕಗಳನ್ನು ಹುಡುಕಬೇಕಾಯಿತು. ಅಚ್ಚಿನಲ್ಲಿ ಹೊತ್ತು ಮೀರಿದರೂ ಕಷ್ಟವೇ. ಮರದ ರಬ್ಬರನ್ನು ಅತಿಯಾಗಿ ಬೇಯಿಸಿದರೆ ಉದ್ದದ ಗಂಧಕ ಸೇತುವೆಗಳು ಕಳಚಿ ರಬ್ಬರು ಮತ್ತೆ ಮೆತ್ತಗಾಗುತ್ತದೆ. ಗಂಟು ಎಷ್ಟು ಎನ್ನುವಷ್ಟೇ ಎಷ್ಟು ಉದ್ದದ್ದು ಎಂಬುದೂ ಮುಖ್ಯ. ಗಿಡ್ಡ ಗಂಟು ಶಾಖಕ್ಕೆ ಜಗ್ಗದು; ಉದ್ದದ್ದು ಮತ್ತೆ ಮತ್ತೆ ಬಾಗುವುದನ್ನು ಸಹಿಸುತ್ತದೆ. ದಿನಕ್ಕೆ ಸಾವಿರಾರು ಸಲ ಬಾಗಬೇಕಾದ, ಓಡುತ್ತ ಕಾಯಬೇಕಾದ ಟೈರಿಗೆ ಎರಡೂ ಬೇಕು.

ಕೇಳದೆ ಬೀಳುವ ಗಂಟು

ಕಾರ್ಖಾನೆಯಿಂದ ಹೊರಬಿದ್ದ ಮೇಲೂ ಗಂಟಿನ ಲೆಕ್ಕ ನಿಲ್ಲುವುದಿಲ್ಲ. ಬಿಸಿಲು, ಶಾಖ, ಗಾಳಿಯ ಆಮ್ಲಜನಕ ತಮ್ಮ ಕೆಲಸ ನಡೆಸಿಯೇ ಇರುತ್ತವೆ. ರಬ್ಬರು ತನ್ನ ತೂಕದ ನೂರಕ್ಕೆ ಒಂದೆರಡು ಪಾಲು ಆಮ್ಲಜನಕವನ್ನು ಹೀರಿದರೆ ಸಾಕು, ಕೆಲಸಕ್ಕೆ ಬಾರದಂತಾಗುತ್ತದೆ. ಆಮ್ಲಜನಕ ಕೆಲವೆಡೆ ಸರಪಳಿಯನ್ನೇ ಕತ್ತರಿಸುತ್ತದೆ, ಕೆಲವೆಡೆ ಬೇಡದ ಹೊಸ ಗಂಟು ಹಾಕುತ್ತದೆ. ಹಳೆಯ ಉತ್ತರಪತ್ರಿಕೆಯ ಕಟ್ಟಿಗೆ ಹಾಕಿದ ರಬ್ಬರ್ ಬ್ಯಾಂಡು ಕಾಗದಕ್ಕೆ ಅಂಟಿಕೊಂಡಿದ್ದರೆ ಕತ್ತರಿಯ ಕೆಲಸ ಹೆಚ್ಚಾಗಿದೆ ಎಂದರ್ಥ. ಮುಟ್ಟಿದರೆ ಪುಡಿಯಾಗುವಂತಿದ್ದರೆ ಗಂಟಿನ ಕೆಲಸ. ಅನೇಕ ಕೃತಕ ರಬ್ಬರುಗಳಲ್ಲಿ ಈ ಎರಡನೆಯದೇ ಹೆಚ್ಚು.

ಪಾಠಕ್ಕಿಂತ ಮುಖ್ಯವಾದ ಮಾತು ಇಲ್ಲಿದೆ. ನಿಮ್ಮ ಅಡುಗೆಮನೆಯ ಗ್ಯಾಸಿನ ಪೈಪನ್ನು ಒಮ್ಮೆ ನೋಡಿ. ಕಿತ್ತಳೆ ಬಣ್ಣದ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಗ್ಯಾಸ್ ಕಂಪನಿಗಳು ಹೇಳುತ್ತವೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದೆಯಲ್ಲ, ಯಾಕೆ ಬದಲಿಸಬೇಕು ಎಂದು ನಾವು ಮುಂದೂಡುತ್ತೇವೆ. ಒಲೆಯ ಬಿಸಿ, ಎಣ್ಣೆಯ ಪಸೆ, ಗಾಳಿ ಸೇರಿ ಒಳಗೊಳಗೇ ಗಂಟು ಹಾಕುತ್ತಿರುತ್ತವೆ. ಪೈಪು ಗಡಸಾಗಿ ನಳಿಗೆಯ ಮೇಲಿನ ಹಿಡಿತ ಸಡಿಲವಾಗುತ್ತದೆ, ಬಾಗಿದಲ್ಲಿ ಕೂದಲೆಳೆಯ ಬಿರುಕು ಏಳುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಗಡಸಾದರೆ ಸೀಟಿ ಬರುವುದಿಲ್ಲ, ಅಷ್ಟೇ. ಗ್ಯಾಸಿನ ಪೈಪಿನದು ಅಷ್ಟಕ್ಕೇ ಮುಗಿಯುವ ವಿಷಯವಲ್ಲ.

ಗಂಟಿನ ಎಣಿಕೆ ಸರಿಯಾಗಿದ್ದೂ ಎಳೆಗಳು ಅಲುಗಾಡಲಾರದೆ ಹೋದರೆ ಏನಾಗುತ್ತದೆಂಬುದಕ್ಕೆ 1986ರ ಜನವರಿ 28ರ ಚಾಲೆಂಜರ್ ದುರಂತವೇ ಸಾಕ್ಷಿ. ಉಡಾವಣೆಯ ಬೆಳಿಗ್ಗೆ ಹೊರಗಿನ ಉಷ್ಣತೆ ಎರಡು ಡಿಗ್ರಿಯ ಆಸುಪಾಸು. ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರಿನ ಬಳೆ ಚಳಿಗೆ ಮರಗಟ್ಟಿ, ಸಂದಿಯನ್ನು ತಕ್ಷಣ ತುಂಬಿಕೊಳ್ಳಲಾರದೆ ಬಿಸಿ ಅನಿಲಕ್ಕೆ ದಾರಿ ಕೊಟ್ಟಿತು. ಏಳು ಮಂದಿ ಸತ್ತರು. ವಿಚಾರಣೆಯ ವೇಳೆ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ಚೂರನ್ನು ಇಕ್ಕಳದಲ್ಲಿ ಹಿಸುಕಿ ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ತೆಗೆದು, ಅದು ಬೇಗ ಚೇತರಿಸಿಕೊಳ್ಳುವುದಿಲ್ಲ ಎಂದು ಎಲ್ಲರೆದುರು ತೋರಿಸಿದ್ದರು.

ಬಿಚ್ಚದ ಗಂಟು

ಒಡೆದ ಪ್ಲಾಸ್ಟಿಕ್ ಕೊಡವನ್ನು ಗುಜರಿಯವರು ತೂಕಕ್ಕೆ ಕೊಂಡುಕೊಳ್ಳುತ್ತಾರೆ. ಅದರ ಸರಪಳಿಗಳಿಗೆ ಗಂಟಿಲ್ಲ, ಕರಗಿಸಿದರೆ ಮತ್ತೆ ಕೊಡವೋ ಮಗ್ಗೋ ಆಗುತ್ತದೆ. ಟೈರನ್ನು ಕರಗಿಸಿ ಟೈರು ಮಾಡಲು ಬರುವುದಿಲ್ಲ. ಎಷ್ಟು ಕಾಯಿಸಿದರೂ ಕರಗುವ ಮೊದಲೇ ಸುಡುತ್ತದೆ. ಟೈರಿಗೆ ಬಾಳಿಕೆ ಕೊಟ್ಟ ಗಂಟೇ ಅದನ್ನು ತೀರದ ಕಸವನ್ನಾಗಿಯೂ ಮಾಡಿದೆ.

ಗಂಟನ್ನಷ್ಟೇ ಬಿಚ್ಚಿ ಸರಪಳಿ ಉಳಿಸಿಕೊಳ್ಳುವಂತಿಲ್ಲವೇ? ಕಾಗದದ ಮೇಲೆ ಸಾಧ್ಯ. ಇಂಗಾಲ–ಇಂಗಾಲ ಬಂಧ ಮುರಿಯಲು ಮೋಲ್ ಒಂದಕ್ಕೆ ಸುಮಾರು 350 ಕಿಲೋಜೂಲ್ ಬೇಕು. ಗಂಧಕ–ಗಂಧಕ ಬಂಧಕ್ಕೆ 270ರಷ್ಟೋ ಅದಕ್ಕೂ ಕಡಿಮೆಯೋ ಸಾಕು. ಈ ಅಂತರದೊಳಗೆ ಕೈಚಳಕ ತೋರಿಸಬೇಕು. ನೂರು ಕೊಂಡಿಗೊಂದು ಗಂಟು ಹುಡುಕಿ ಬಿಚ್ಚುವಾಗ ಉಳಿದ ತೊಂಬತ್ತೊಂಬತ್ತಕ್ಕೆ ಏಟು ಬೀಳದಂತೆ ನೋಡಿಕೊಳ್ಳುವುದು ಸುಲಭವಲ್ಲ. ಶಾಖ, ರಾಸಾಯನಿಕ, ಮೈಕ್ರೋವೇವ್, ಗಂಧಕ ತಿನ್ನುವ ಬ್ಯಾಕ್ಟೀರಿಯಾ ಎಲ್ಲ ಪ್ರಯತ್ನಗಳೂ ನಡೆದಿವೆ. ಹೀಗೆ ಮರಳಿ ಪಡೆದ ರಬ್ಬರು ಕಾಲೊರೆಸುವ ಮ್ಯಾಟಿಗೆ, ಹೊಸ ರಬ್ಬರಿನ ಜೊತೆ ಕೊಂಚ ಬೆರೆಸುವುದಕ್ಕೆ ಆದೀತು. ಹೊಸದರ ಕಸುವು ಅದಕ್ಕಿಲ್ಲ. 2011ರಲ್ಲಿ ಫ್ರಾನ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ಬೇರೊಂದು ದಾರಿ ತೋರಿಸಿದರು. ಅವರು ತಯಾರಿಸಿದ ವಸ್ತುವಿನಲ್ಲಿ ಕಾಯಿಸಿದಾಗ ಗಂಟುಗಳು ಬಿಚ್ಚಿಹೋಗದೆ ಜೊತೆಗಾರರನ್ನು ಬದಲಿಸುತ್ತವೆ. ಎಣಿಕೆ ಅಷ್ಟೇ ಉಳಿಯುತ್ತದೆ, ಆಕಾರ ಮಾತ್ರ ಹೊಸದು. ರಬ್ಬರಿಗೂ ಈ ವಿದ್ಯೆ ಕಲಿಸುವ ಸಂಶೋಧನೆ ನಡೆಯುತ್ತಿದೆ.

ಸದ್ಯಕ್ಕೆ ಹಳೆ ಟೈರಿಗೆ ಹೊಸ ರಬ್ಬರಿನ ಪಟ್ಟಿ ಕೂರಿಸಿ ಓಡಿಸುವುದು, ಪುಡಿ ಮಾಡಿ ರಸ್ತೆಯ ಡಾಂಬರಿಗೆ ಬೆರೆಸುವುದು, ಗಾಳಿಯಿಲ್ಲದ ಕುಲುಮೆಯಲ್ಲಿ ಕಾಯಿಸಿ ಎಣ್ಣೆ ಇಳಿಸುವುದು ಇವೇ ದಾರಿಗಳು. ಕೊನೆಯದರ ಹೊಗೆಯ ಬಗ್ಗೆ ದೂರುಗಳಿವೆ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, ಟೈರು ತಯಾರಿಸುವ ಕಂಪನಿಗಳೇ ಹಳೆಯ ಟೈರುಗಳ ಮರುಬಳಕೆಯ ಹೊಣೆ ಹೊರಬೇಕು.

ಪಂಕ್ಚರ್ ಅಂಗಡಿಯ ಹಿಂದೆ ಟೈರುಗಳ ರಾಶಿ ನನ್ನ ಎದೆಯೆತ್ತರ ಇದೆ. ಇವೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. "ಯಾರೋ ಲಾರಿ ತಂದು ಕೊಂಡು ಹೋಗ್ತಾರೆ ಮಾಷ್ಟ್ರೇ. ಎಲ್ಲಿಗೆ ಅಂತ ನಾನು ಕೇಳ್ಲಿಕ್ಕೆ ಹೋಗ್ಲಿಲ್ಲ. ಈ ಸಲ ಅವರೂ ಬರ್ಲಿಲ್ಲ" ಎಂದರು. ಹಿಂದಿನ ದಿನವಷ್ಟೇ ಆರೋಗ್ಯ ಇಲಾಖೆಯ ಹುಡುಗಿಯರಿಬ್ಬರು ಬಂದು, ಡೆಂಗೆ ಸೊಳ್ಳೆ ಮೊಟ್ಟೆಯಿಡುತ್ತದೆಂದು ಹೇಳಿ, ಒಂದೊಂದೇ ಟೈರನ್ನು ಮಗುಚಿ ಮಳೆನೀರು ಚೆಲ್ಲಿ ಹೋಗಿದ್ದರಂತೆ. ರಾತ್ರಿ ಮತ್ತೆ ಮಳೆ ಬಂದಿತ್ತು. ಅಂಗಡಿಯವರು ಒತ್ತುಗದ ತಿರುಪು ಸಡಿಲಿಸಿ, ಪ್ಯಾಚಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಗುಳ್ಳೆ ಏಳಲಿಲ್ಲ.